ಕುಮಟಾದಿಂದ ಗೋಕರ್ಣದ ಓಂ ಬೀಚ್‌ವರೆಗೆ ಒಂದು ಹಗಲು: ಕೊಪ್ಪಳ, ಬಳ್ಳಾರಿ, ರಾಯಚೂರು ಕಡೆಯವರಿಗೆ ಹಂತ ಹಂತದ ಮಾರ್ಗದರ್ಶಿ

ನಮ್ಮ ಕಡೆಯಿಂದ ಕಡಲು ನೋಡಲು ಹೋದವರು ವಾಪಸು ಬಂದು ಹೇಳುವ ಕಥೆ ಹೆಚ್ಚುಕಡಿಮೆ ಒಂದೇ. ರಾತ್ರಿ ಕ್ರೂಸರ್ ಹತ್ತಿದೆವು, ಘಟ್ಟದಲ್ಲಿ ಇಬ್ಬರು ವಾಂತಿ ಮಾಡಿಕೊಂಡರು, ಗೋಕರ್ಣ ಮುಟ್ಟಿದಾಗ ಹನ್ನೊಂದೂವರೆ, ದೇವಸ್ಥಾನದ ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಬಾಗಿಲು ಹಾಕಿದರು, ಬೀಚಿನಲ್ಲಿ ಬಿಸಿಲಿಗೆ ಸುಟ್ಟುಹೋದೆವು, ನಾಲ್ಕಕ್ಕೆ ಹೊರಟೆವು. ಊರು ನೋಡಿದಿರಾ ಎಂದರೆ ಇಲ್ಲ. ಮೀನುಗಾರರ ಬಣ್ಣದ ದೋಣಿಗಳು, ಕೆಂಪು ಚಿರೆಕಲ್ಲಿನ ಮನೆಗಳು, ಬಂಡೆಗುಡ್ಡದ ಕಾಲುದಾರಿ ಯಾವುದನ್ನೂ ಅವರು ಕಂಡಿರುವುದಿಲ್ಲ.

ಮೊದಲ ಸಲ ನಾನೂ ಹೀಗೇ ಮಾಡಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂಜೆ ನಾಲ್ಕರ ನಂತರ ಮನೆಮಂದಿಯನ್ನೆಲ್ಲ ಕರೆದುಕೊಂಡು ಹಾಫ್ ಮೂನ್ ಬೀಚಿನ ಬಂಡೆಗಳ ಮೇಲೆ ನಡೆಯಲು ಹೊರಟೆ. ಹೋಗುವಾಗ ಒಣಗಿದ್ದ ಬಂಡೆ ಬರುವಾಗ ನೀರಿನಡಿ ಇತ್ತು. ಕತ್ತಲಲ್ಲಿ ಗುಡ್ಡ ಹತ್ತಿ, ಮೊಬೈಲ್ ಬೆಳಕಿನಲ್ಲಿ ಈಚೆ ಬಂದೆವು. ಅಕ್ಕನ ಮಗನ ಅಂಗಾಲು ಬಂಡೆಗೆ ಅಂಟಿದ ಚಿಪ್ಪಿಗೆ ಸೀಳಿತ್ತು.

ತಪ್ಪು ಎಲ್ಲಿದೆ ಎಂದು ತಿಳಿಯಲು ಎರಡು ಸಲದ ಪ್ರವಾಸ ಬೇಕಾಯಿತು. ನಾವು ರಸ್ತೆಯ ಲೆಕ್ಕ ಹಾಕಿ ಹೊರಡುತ್ತೇವೆ: ಎಷ್ಟು ಕಿಲೋಮೀಟರ್, ಎಷ್ಟು ತಾಸು, ಎಲ್ಲಿ ಚಹಾ. ಕಡಲಂಚಿನ ಊರುಗಳಿಗೆ ಮೊದಲು ಹಾಕಬೇಕಾದ ಲೆಕ್ಕ ನೀರಿನದು. ತುಂಗಭದ್ರೆಯ ಮಟ್ಟ ಡ್ಯಾಮಿನ ಗೇಟು ನೋಡಿ ಏರಿಳಿದರೆ ಅಲ್ಲಿಯದು ಚಂದ್ರನನ್ನು ನೋಡಿ ಏರಿಳಿಯುತ್ತದೆ. ಕೆಳಗಿನ ಕ್ರಮವೆಲ್ಲ ಅದರಿಂದಲೇ ಹುಟ್ಟಿದ್ದು.

ಹಂತ 1: ತಿಥಿ ನೋಡಿ ದಿನ ಗೊತ್ತುಮಾಡಿ

ಕ್ಯಾಲೆಂಡರಿನಲ್ಲಿ ರಜೆ ಹುಡುಕುವ ಮೊದಲು ತಿಂಗಳು ನೋಡಿ. ನವೆಂಬರ್ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡವೇ ಬೇಡ. ಮಳೆಗಾಲದಲ್ಲಿ ಈ ಕಡಲು ಕೆರಳಿರುತ್ತದೆ, ಬಂಡೆದಾರಿಯಲ್ಲಿ ಪಾಚಿ ಕಟ್ಟಿರುತ್ತದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೇ ನಿಷೇಧ ಇರುತ್ತದೆ, ಹಾಗಾಗಿ ಬಂದರುಗಳೂ ಖಾಲಿ. ಏಪ್ರಿಲ್, ಮೇ ತಿಂಗಳಲ್ಲಿ ಹೋಗಬಹುದು, ಆದರೆ ಗುಡ್ಡದ ನಡಿಗೆ ಹೈರಾಣು ಮಾಡುತ್ತದೆ.

ಇನ್ನು ದಿನ. ಸಮುದ್ರ ಒಂದು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಜರುಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ದಿನ ಕುಮಟಾ, ಗೋಕರ್ಣ ಕಡೆ ಉಬ್ಬರ ಅಂದಾಜು ಹನ್ನೊಂದರ ಸುಮಾರಿಗೆ, ಇಳಿತ ಅಂದಾಜು ಸಂಜೆ ಐದರ ಸುಮಾರಿಗೆ ಬರುತ್ತದೆ. ಅದಕ್ಕಿಂತ ಎರಡು ದಿನ ಹಿಂದೆ, ಅಂದರೆ ತ್ರಯೋದಶಿಯ ಆಸುಪಾಸಿನಲ್ಲಿ, ಇಳಿತ ಮಧ್ಯಾಹ್ನ ಮೂರೂವರೆಯ ಹತ್ತಿರ. ಮಧ್ಯಾಹ್ನದ ಬಂಡೆಯಂಚಿನ ನಡಿಗೆಗೆ (ಹಂತ 7) ನಮಗೆ ಬೇಕಾದದ್ದು ಇದೇ. ಮನೆಯಲ್ಲಿ ಗೋಡೆಗೆ ತೂಗುಹಾಕಿದ ಪಂಚಾಂಗದ ಕ್ಯಾಲೆಂಡರಿನಲ್ಲಿ ಶುಕ್ಲ ಪಕ್ಷವೋ ಕೃಷ್ಣ ಪಕ್ಷವೋ, ದ್ವಾದಶಿ ಅಥವಾ ತ್ರಯೋದಶಿ ಶನಿವಾರ, ಭಾನುವಾರಕ್ಕೆ ಬೀಳುವ ವಾರವನ್ನು ಗುರುತು ಹಾಕಿಕೊಳ್ಳಿ.

ತಿಥಿ ಅಂದಾಜಿಗೆ ಮಾತ್ರ. ಹೊರಡುವ ಹಿಂದಿನ ದಿನ ಕಾರವಾರದ ಉಬ್ಬರ ಇಳಿತದ ಪಟ್ಟಿಯನ್ನು ಮೊಬೈಲಿನಲ್ಲಿ ತೆಗೆದು ಆ ದಿನದ ಸಾಲನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಹೊತ್ತಿನ ಜೊತೆಗೆ ಎತ್ತರವನ್ನೂ ಬರೆಯಿರಿ. ದಿನದ ಎರಡು ಇಳಿತಗಳೂ ಸಮನಾಗಿ ಇಳಿಯುವುದಿಲ್ಲ. ಒಂದರಲ್ಲಿ ಬಂಡೆ ಪೂರ್ತಿ ಕಂಡರೆ ಇನ್ನೊಂದರಲ್ಲಿ ಅರ್ಧ ಮಾತ್ರ ಕಾಣಬಹುದು.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಎಚ್ಚರಿಕೆ ಕೊಡುತ್ತದೆ. ಅದೂ ಒಮ್ಮೆ ನೋಡಿ. ಆಕಾಶ ಶುಭ್ರವಾಗಿದ್ದಾಗಲೂ ದೂರದ ಸಮುದ್ರದಲ್ಲಿ ಎದ್ದ ಅಲೆ ಇಲ್ಲಿಗೆ ಬಂದು ಹೊಡೆಯುತ್ತದೆ. ಎಚ್ಚರಿಕೆ ಇದ್ದರೆ ಹಂತ 7ರ ನಡಿಗೆ ಬಿಟ್ಟು ಉಳಿದದ್ದು ಮಾಡಿ.

ಹಂತ 2: ದಾರಿ, ಮತ್ತು ನಿದ್ದೆ

ಕೊಪ್ಪಳದಿಂದ ಗದಗ ದಾಟಿ ಹುಬ್ಬಳ್ಳಿಗೆ ಸುಮಾರು 115 ಕಿ.ಮೀ. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟದ ಮೇಲೆ ಅಂಕೋಲಾಕ್ಕೆ ಸುಮಾರು 135. ಅಲ್ಲಿಂದ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಕುಮಟಾ ಇನ್ನು ಮುಕ್ಕಾಲು ತಾಸು. ಬಳ್ಳಾರಿಯವರು ಹೊಸಪೇಟೆ ಮೇಲೆ ಕೊಪ್ಪಳಕ್ಕೆ ಇನ್ನೂ 95 ಕೂಡಿಸಿಕೊಳ್ಳಬೇಕು. ರಾಯಚೂರಿನವರ ದಾರಿ ಅದಕ್ಕಿಂತಲೂ ಉದ್ದ.

ಶಿರಸಿಯಿಂದ ದೇವಿಮನೆ ಘಟ್ಟ ಇಳಿದರೆ ನೇರ ಕುಮಟಾ ಎಂದು ನಕ್ಷೆ ತೋರಿಸುತ್ತದೆ. ರಸ್ತೆ ಅಗಲೀಕರಣದ ಕೆಲಸಕ್ಕೆ ಆ ಘಟ್ಟವನ್ನು ಆಗಾಗ ಮುಚ್ಚಿದ್ದಾರೆ. ತೆರೆದಿದೆ ಎಂದು ಖಾತ್ರಿಯಾದರೆ ಮಾತ್ರ ಅತ್ತ ತಿರುಗಿ.

ಹುಬ್ಬಳ್ಳಿಯಿಂದ ಅಂಕೋಲಾಕ್ಕೆ ರೈಲು ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ಆ ಮಾರ್ಗದ ಮಾತು ದಶಕಗಳಿಂದ ಇದೆ, ಹಳಿ ಇಲ್ಲ. ಬಸ್ಸಿನವರು ಹುಬ್ಬಳ್ಳಿಯಲ್ಲಿ ಬದಲಿಸಿ ಅಂಕೋಲಾ ಅಥವಾ ಕುಮಟಾದ ಬಸ್ ಹಿಡಿಯಬೇಕು. ಹೆಣ್ಣುಮಕ್ಕಳು ಶಕ್ತಿ ಯೋಜನೆಗೆ ಗುರುತಿನ ಚೀಟಿ ಇಟ್ಟುಕೊಂಡರೆ ಸಾಮಾನ್ಯ ಸಾರಿಗೆಯಲ್ಲಿ ಟಿಕೆಟ್ ದುಡ್ಡೂ ಉಳಿಯುತ್ತದೆ.

ಈಗ ಮುಖ್ಯ ವಿಷಯ. ಒಂದು ದಿನದ ಪ್ರವಾಸ ಎಂದರೆ ಕಡಲ ದಂಡೆಯಲ್ಲಿ ಒಂದು ಪೂರ್ತಿ ಹಗಲು ಎಂದರ್ಥ. ಮನೆಯಿಂದ ಮನೆಗೆ ಇಪ್ಪತ್ತನಾಲ್ಕು ತಾಸು ಎಂದು ಹಿಡಿದರೆ ಕೆಡುತ್ತದೆ. ರಾತ್ರಿಯಿಡೀ ಓಡಿಸಿ, ಹಗಲೆಲ್ಲ ಬಿಸಿಲಲ್ಲಿ ಅಲೆದು, ಮತ್ತೆ ಅದೇ ಚಾಲಕ ರಾತ್ರಿ ಅರಬೈಲ್ ಘಟ್ಟ ಹತ್ತುವುದು ಸಾವಿನ ಜೊತೆ ಸರಸ. ಶುಕ್ರವಾರ ಸಂಜೆ ನಾಲ್ಕಕ್ಕೆ ಕೊಪ್ಪಳ ಬಿಡಿ, ಹುಬ್ಬಳ್ಳಿಯಲ್ಲಿ ಊಟ ಮುಗಿಸಿ, ಹನ್ನೊಂದರೊಳಗೆ ಅಂಕೋಲಾ ಅಥವಾ ಕುಮಟಾ ಸೇರಿ ಮಲಗಿ. ಗೋಕರ್ಣದಲ್ಲಿ ಕೋಣೆ ಹಿಡಿಯಬೇಡಿ. ಶನಿವಾರದ ದರ ಕೇಳಿದರೆ ತಲೆ ತಿರುಗುತ್ತದೆ, ಬೆಳಿಗ್ಗೆ ನಾವು ಇರಬೇಕಾದ ಜಾಗವೂ ಅದಲ್ಲ.

ಹಂತ 3: ಚೀಲದಲ್ಲಿ ಏನಿರಬೇಕು

ಮೊದಲು ಕಾಲಿಗೆ. ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಸೋಲಿನ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ಒದ್ದೆ ಬಂಡೆಯ ಮೇಲೆ ಜಾರುತ್ತದೆ, ಮರಳಿನಲ್ಲಿ ಕಿತ್ತುಹೋಗುತ್ತದೆ. ಚರ್ಮದ ಚಪ್ಪಲಿ ಉಪ್ಪುನೀರಿಗೆ ಕೆಡುತ್ತದೆ. ಬರಿಗಾಲು ಎಂದರೆ ನೇರ ಆಸ್ಪತ್ರೆ.

ತಲೆಗೊಂದಕ್ಕೆ ಎರಡು ಲೀಟರ್ ನೀರು, ಒಆರ್‌ಎಸ್ ಪುಡಿ, ತಲೆಗೆ ಟವೆಲ್ ಅಥವಾ ಟೋಪಿ, ಒಂದು ಟಾರ್ಚ್, ಒಂದು ಸೀಟಿ, ಗಾಯಕ್ಕೆ ಬ್ಯಾಂಡೇಜು, ಮೊಬೈಲ್ ಸುತ್ತಲು ಗಟ್ಟಿ ಪ್ಲಾಸ್ಟಿಕ್ ಚೀಲ. ಹತ್ತು, ಇಪ್ಪತ್ತರ ನೋಟುಗಳು ಬೇಕೇ ಬೇಕು. ದೋಣಿಯಲ್ಲಿ ಐನೂರರ ನೋಟು ಚಾಚಿದರೆ ಬೈಸಿಕೊಳ್ಳುತ್ತೀರಿ. ನಕ್ಷೆಯನ್ನು ಮನೆಯಲ್ಲೇ ಮೊಬೈಲಿಗೆ ಇಳಿಸಿಕೊಳ್ಳಿ, ಗುಡ್ಡದ ಆಚೆ ನೆಟ್‌ವರ್ಕ್ ಬಂದು ಹೋಗುತ್ತಿರುತ್ತದೆ.

ಬುತ್ತಿಯ ವಿಷಯ ಒಂದು ಮಾತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಒಯ್ಯಿರಿ, ನಡಿಗೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಬಟ್ಟೆಯಲ್ಲಿ ಕಟ್ಟಿದರೆ ಕುಮಟಾದ ಹವೆಗೆ ಒಂದೇ ರಾತ್ರಿಯಲ್ಲಿ ಹಪ್ಪಳ ನೆನೆದ ಹಾಗೆ ಮೆತ್ತಗಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ.

ಸೆಖೆಯನ್ನು ನಮ್ಮವರು ಹಗುರವಾಗಿ ತೆಗೆದುಕೊಳ್ಳುತ್ತಾರೆ. "ನಾವು ರಾಯಚೂರಿನ 42 ಡಿಗ್ರಿ ಕಂಡವರು, ಈ 32 ಏನು ಮಹಾ" ಎನ್ನುತ್ತಾರೆ. ನಮ್ಮ ಒಣ ಬಿಸಿಲಿನಲ್ಲಿ ಬೆವರು ಆರುತ್ತದೆ, ಆರುವಾಗ ಮೈ ತಂಪಾಗುತ್ತದೆ. ಅಲ್ಲಿ ಗಾಳಿಯಲ್ಲೇ ತೇವ ತುಂಬಿರುವುದರಿಂದ ಬೆವರು ಹರಿಯುತ್ತದೆ ಹೊರತು ಆರುವುದಿಲ್ಲ, ಮೈಯ ಕಾವೂ ಇಳಿಯುವುದಿಲ್ಲ. ತಲೆ ಸುತ್ತು, ಹೊಟ್ಟೆ ತೊಳಸು, ಮಾತಿನಲ್ಲಿ ತಡವರಿಕೆ ಕಂಡರೆ ನಡಿಗೆ ನಿಲ್ಲಿಸಿ ನೆರಳಿಗೆ ಕೂಡಿಸಿ, ಮೈ ಒದ್ದೆ ಮಾಡಿ ಗಾಳಿ ಬೀಸಿ. ಮಾತು ತಡವರಿಸುತ್ತಿದ್ದರೆ ಅಥವಾ ಅರ್ಧ ತಾಸಿನಲ್ಲಿ ಸುಧಾರಿಸದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಹಂತ 4: ಬೆಳಗಿನ ಆರೂವರೆ, ವನ್ನಳ್ಳಿ

ಕುಮಟಾ ಪೇಟೆಯ ಪಕ್ಕದಲ್ಲೇ ವನ್ನಳ್ಳಿ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಏಳಕ್ಕೆ ಸ್ವಲ್ಪ ಮುಂಚೆ ಮೂಡುತ್ತಾನೆ. ಅಷ್ಟರಲ್ಲಿ ನೀವು ದಂಡೆಯ ಮೇಲೆ ಇರಬೇಕು.

ಬೆಳಿಗ್ಗೆಯೇ ಏಕೆ ಎಂದರೆ ಎರಡು ಕಾರಣ. ಪಶ್ಚಿಮದ ಕಡಲಿಗೆ ಬೆಳಗಿನ ಬೆಳಕು ನಿಮ್ಮ ಬೆನ್ನ ಹಿಂದಿನಿಂದ ಬೀಳುತ್ತದೆ, ನೀಲಿ, ಹಳದಿ, ಕೆಂಪು ಬಳಿದ ದೋಣಿಗಳು ಆಗ ಕಾಣುವ ಹಾಗೆ ಮಧ್ಯಾಹ್ನ ಕಾಣುವುದಿಲ್ಲ. ಎರಡನೆಯದು, ರಾತ್ರಿ ಹೋದ ಚಿಕ್ಕ ದೋಣಿಗಳು ಮರಳುವ ಹೊತ್ತು ಅದು. ಬಲೆ ಬಿಡಿಸುವುದು, ಬಂಗಡೆ, ತಾರಲೆ ಬೇರೆ ಮಾಡುವುದು, ಮಹಿಳೆಯರು ಬುಟ್ಟಿಗೆ ದರ ಕಟ್ಟುವುದು ಎಲ್ಲ ಒಂದು ತಾಸಿನಲ್ಲಿ ಮುಗಿದುಹೋಗುತ್ತದೆ. ಎಂಟೂವರೆಗೆ ಬಂದವರಿಗೆ ಸಿಗುವುದು ಕಾಗೆ ಮತ್ತು ನಾಯಿ.

ನಡತೆ ಮುಖ್ಯ. ಒಣಗಲು ಹರಡಿದ ಬಲೆಯನ್ನು ತುಳಿಯಬೇಡಿ, ದಾಟಬೇಡಿ. ಒಂದು ಎಳೆ ಹರಿದರೂ ಅವರ ಅರ್ಧ ದಿನ ಹೋಯಿತು. ದೋಣಿಯೊಳಗೆ ಚಪ್ಪಲಿ ಹಾಕಿಕೊಂಡು ಹತ್ತಿ ಫೋಟೊ ತೆಗೆಸಿಕೊಳ್ಳುವುದು ನಮ್ಮ ಹುಡುಗರ ದೊಡ್ಡ ಚಟ. ಎತ್ತಿನ ಬಂಡಿಗೆ ಪೂಜೆ ಮಾಡುವ ನಾವೇ ಇದನ್ನು ಅರ್ಥ ಮಾಡಿಕೊಳ್ಳದಿದ್ದರೆ ಹೇಗೆ? ಮೀನು ಆರಿಸುತ್ತಿರುವ ಹೆಂಗಸರ ಫೋಟೊ ತೆಗೆಯುವ ಮೊದಲು "ಅಕ್ಕಾ, ತೆಗೀಲೇನ್ರಿ?" ಎಂದು ಕೇಳಿ. ದಂಡೆಯಿಂದ ರಂಪಣಿ ಬಲೆ ಎಳೆಯುತ್ತಿದ್ದರೆ ದೂರ ನಿಂತು ನೋಡಿ. ಅವರೇ ಕರೆದರೆ ಹಗ್ಗಕ್ಕೆ ಕೈ ಹಾಕಿ.

ಇಲ್ಲೇ ಒಂದು ಕೆಲಸ ಮುಗಿಸಿಬಿಡಿ. ದೋಣಿಯ ಹಿರಿಯರೊಬ್ಬರನ್ನು ಇಂದಿನ ನೀರಿನ ಬಗ್ಗೆ ಕೇಳಿ. ನನ್ನ ಚೀಟಿಯಲ್ಲಿ ಎಲ್ಲ ಸರಿ ಇದ್ದ ಒಂದು ದಿನ, "ಅಣ್ಣಾರ, ಮಧ್ಯಾಹ್ನ ಬೇಲೆಕಾನದಿಂದ ಓಂ ಬೀಚಿಗೆ ಬಂಡೆ ಮ್ಯಾಲೆ ನಡಕೊಂಡು ಹೋಗಬಹುದೇನ್ರಿ?" ಎಂದು ಕೇಳಿದ್ದಕ್ಕೆ ಅವರು ಅಲೆಯತ್ತ ನೋಡಿ, "ಗುಡ್ಡದ ಮೇಲಿಂದ ಹೋಗಿ, ಕೆಳಗೆ ಬೇಡ, ಗಾಳಿ ಉಂಟು" ಎಂದರು. ಪಟ್ಟಿಯಲ್ಲಿ ಗಾಳಿ ಬರೆದಿರಲಿಲ್ಲ.

ಹಂತ 5: ಬಾಡ, ಕಾಗಾಲ, ಮತ್ತು ಹೆಸರಿನ ಗೊಂದಲ

ಕುಮಟಾದಲ್ಲಿ ತಿಂಡಿ ಮುಗಿಸಿ ಒಂಬತ್ತಕ್ಕೆ ಉತ್ತರಕ್ಕೆ ಹೊರಡಿ. ಈ ಹಂತದಲ್ಲಿ ದಾರಿ ತಪ್ಪುವವರು ಬಹಳ. ಕುಮಟಾದ ಹತ್ತಿರ ಹೊಳನಗದ್ದೆಯಲ್ಲಿರುವುದು ಕಡ್ಲೆ ಬೀಚ್. ಗೋಕರ್ಣದಲ್ಲಿರುವುದು ಕುಡ್ಲೆ ಬೀಚ್. ನಕ್ಷೆಯಲ್ಲಿ ಅವಸರಕ್ಕೆ ಒತ್ತಿದರೆ ಹೊಳೆಯ ಆಚೆಯ ದಡಕ್ಕೆ ದಾರಿ ತೋರಿಸುತ್ತದೆ, ತಿರುಗಿ ಬರಲು ಒಂದೂವರೆ ತಾಸು. ಡ್ರೈವರಿಗೆ ಬೀಚಿನ ಹೆಸರು ಹೇಳಬೇಡಿ, ಊರಿನ ಹೆಸರು ಹೇಳಿ: ಹೊಳನಗದ್ದೆ, ಬಾಡ, ಕಾಗಾಲ, ಅಘನಾಶಿನಿ.

ಬಾಡದಲ್ಲಿ ಕಾಂಚಿಕಾ ಪರಮೇಶ್ವರಿ ಗುಡಿಯ ಹತ್ತಿರ ಗಾಡಿ ನಿಲ್ಲಿಸಿ ಕಡಲಿನತ್ತ ಕಾಲ್ನಡಿಗೆಯಲ್ಲಿ ಇಳಿಯಿರಿ. ತೆಂಗು, ಹೆಂಚಿನ ಮನೆ, ಅಂಗಳದಲ್ಲಿ ಒಣಗಿದ ಮೀನು, ಮತ್ತೆ ಗದ್ದೆ, ಆಮೇಲೆ ಮರಳು. ನಮ್ಮ ಊರುಗಳ ಹಾಗೆ ಮನೆಗೆ ಮನೆ ಅಂಟಿರುವುದಿಲ್ಲ, ಒಂದೊಂದು ಮನೆಯೂ ತನ್ನ ತೋಟದೊಳಗೆ ಅಡಗಿರುತ್ತದೆ. ಹಾಗಾಗಿ ಊರು ಮುಗಿಯಿತೋ ಶುರುವಾಯಿತೋ ತಿಳಿಯುವುದಿಲ್ಲ. ಬೇಲಿಯ ಒಳಗಿನ ಕಾಲುದಾರಿ ಖಾಸಗಿ ಅಂಗಳವೇ ಆಗಿರಬಹುದು. ಕೇಳಿಯೇ ಮುಂದೆ ಹೋಗಿ.

ಕಾಗಾಲದ ಕಡೆ ಹೊಳೆಯ ಮಗ್ಗುಲಲ್ಲಿ ಗಜನಿ ಗದ್ದೆಗಳಿವೆ. ಉಪ್ಪುನೀರು ತಾಳುವ ಕಗ್ಗ ಎಂಬ ಭತ್ತ ಬೆಳೆಯುವ ಜಾಗ. ಗಂಗಾವತಿಯ ಸೋನಾ ಮಸೂರಿ ಗದ್ದೆಯಲ್ಲಿ ಬೆಳೆದವನಿಗೆ ಉಪ್ಪುನೀರಲ್ಲಿ ಭತ್ತ ಎಂದರೆ ನಂಬಿಕೆ ಬರಲಿಲ್ಲ. ಗದ್ದೆಯ ಒಡ್ಡಿನ ಮೇಲೆ ಗುಂಪಾಗಿ ನಡೆಯಬೇಡಿ. ಅದು ಉಪ್ಪುನೀರನ್ನು ತಡೆಯುವ ಕಟ್ಟೆ, ಕುಸಿದರೆ ಇಡೀ ಬಯಲಿಗೆ ನಷ್ಟ.

ಹಂತ 6: ಅಘನಾಶಿನಿಯಿಂದ ತದಡಿಗೆ ಹೊಳೆ ದಾಟುವುದು

ಇಡೀ ದಿನದ ಕೀಲಿ ಇಲ್ಲಿದೆ, ಹೆಚ್ಚಿನವರು ಸೋಲುವುದೂ ಇಲ್ಲೇ.

ಅಘನಾಶಿನಿ ಊರಿನ ಎದುರು ದಡವೇ ತದಡಿ. ಕಣ್ಣಿಗೆ ಕಾಣುವ ದೂರ. ರಸ್ತೆಯಲ್ಲಿ ಹೋದರೆ ಮತ್ತೆ ಕುಮಟಾ, ಮಿರ್ಜಾನ್ ಸುತ್ತಿ ಮೂವತ್ತು ಕಿಲೋಮೀಟರ್ ಮೀರುತ್ತದೆ. ದೋಣಿಯಲ್ಲಿ ಕೆಲವೇ ನಿಮಿಷ. ಜನ ಮತ್ತು ಬೈಕು ದೋಣಿಗೆ ಹತ್ತುತ್ತವೆ, ಕಾರು ಹತ್ತುವುದಿಲ್ಲ. ಗೊತ್ತಿಲ್ಲದೆ ಬಂದವರು ದಡದಲ್ಲಿ ನಿಂತು ಜಗಳ ಶುರು ಮಾಡುತ್ತಾರೆ: ಗಾಡಿ ಬಿಟ್ಟು ಹೋಗುವುದೋ, ಎಲ್ಲರೂ ಸುತ್ತಿ ಹೋಗುವುದೋ?

ಉತ್ತರ ಸರಳ. ನಡೆಯುವವರು ದೋಣಿ ಹತ್ತಲಿ, ಚಾಲಕ ಗಾಡಿಯನ್ನು ಸುತ್ತಿಸಿಕೊಂಡು ನೇರ ಓಂ ಬೀಚಿನ ಮೇಲಿನ ಪಾರ್ಕಿಂಗ್‌ಗೆ ಒಯ್ಯಲಿ. ಅಜ್ಜ, ಅಜ್ಜಿ, ಚಿಕ್ಕ ಮಕ್ಕಳು, ಮೊಣಕಾಲು ನೋವಿನವರು ಗಾಡಿಯಲ್ಲೇ ಹೋಗಲಿ. ಹೀಗೆ ಮಾಡಿದರೆ ಬಿಟ್ಟ ಜಾಗಕ್ಕೆ ಮರಳಿ ನಡೆಯುವ ಗೋಳು ತಪ್ಪುತ್ತದೆ, ಚಾಲಕನಿಗೆ ಮಧ್ಯಾಹ್ನ ಎರಡು ತಾಸು ನಿದ್ದೆಯೂ ಸಿಗುತ್ತದೆ. ಇಳಿಯುವ ಮೊದಲು ನೀರು, ಬುತ್ತಿ, ಟಾರ್ಚ್ ಕೈಗೆ ತೆಗೆದುಕೊಂಡಿದ್ದೀರಾ ನೋಡಿ. ಒಮ್ಮೆ ನಮ್ಮ ನೀರೆಲ್ಲ ಡಿಕ್ಕಿಯಲ್ಲಿ ಕುಳಿತು ಓಂ ಬೀಚಿಗೆ ಹೋಗಿತ್ತು.

ಹನ್ನೊಂದೂವರೆಯೊಳಗೆ ದೋಣಿಕಟ್ಟೆಯಲ್ಲಿರಿ. ನಡುಮಧ್ಯಾಹ್ನ ದೋಣಿ ಸ್ವಲ್ಪ ಹೊತ್ತು ನಿಲ್ಲಬಹುದು, ಆದ್ದರಿಂದ ಮುಂದಿನ ಸಲ ಯಾವಾಗ ಎಂದು ಬಂದ ಕೂಡಲೇ ಕೇಳಿ. ದೋಣಿಯಲ್ಲಿ ಕೂತುಕೊಳ್ಳಿ, ಒಂದೇ ಮಗ್ಗುಲಿಗೆ ಎಲ್ಲರೂ ಓಡಬೇಡಿ. ಜಾಕೆಟ್ ಇದ್ದರೆ ಕೇಳಿ ಹಾಕಿಕೊಳ್ಳಿ, ನಾಚಿಕೆ ಬೇಡ. ಆನೆಗೊಂದಿಯ ಹರಿಗೋಲಿನಲ್ಲಿ ಕೂತ ಅಭ್ಯಾಸ ಇದ್ದವರಿಗೂ ಇಲ್ಲಿಯ ನೀರು ಹೊಸದು. ಹೊಳೆ ಕಡಲನ್ನು ಸೇರುವ ಬಾಯಿ ಇದು, ಇಳಿತದ ಹೊತ್ತಿಗೆ ನೀರು ಕಡಲಿನತ್ತ ಜೋರಾಗಿ ಎಳೆಯುತ್ತದೆ. ಈಜುವ ಯೋಚನೆಯನ್ನೂ ಮಾಡಬೇಡಿ.

ದಾಟುವಾಗ ಸೊಂಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪು ಜೀವಿ ಆಯುವವರು ಕಾಣಬಹುದು. ಅಣೆಕಟ್ಟೇ ಇಲ್ಲದ ಹೊಳೆ ಇದು, ಅದಕ್ಕೇ ಅಳಿವೆಯಲ್ಲಿ ಇಷ್ಟು ಚಿಪ್ಪು ಜೀವಿ. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತು. ಅದೇ ಸಲ ಸೇರಿದ ಇನ್ನೆರಡು ನಮ್ಮ ಮಗ್ಗುಲಿನವೇ, ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಮತ್ತು ಗದಗ ಜಿಲ್ಲೆಯ ಮಾಗಡಿ ಕೆರೆ.

ತದಡಿ ದೊಡ್ಡ ಮೀನುಗಾರಿಕೆ ಬಂದರು. ಇಲ್ಲಿ ಊಟ ಮುಗಿಸಿ. ಮೀನು ತಿನ್ನುವವರು ಬಂಗಡೆ ಸಾರು ಕೇಳಿ, ತಿನ್ನದವರು ತದಡಿಯಲ್ಲಿ ಹುಡುಕಿ ಹೊತ್ತು ಕಳೆಯದೆ ರೊಟ್ಟಿ ಡಬ್ಬಿ ಬಿಚ್ಚಿ. ಬಳಚು, ಶೆಟ್ಲಿ (ಸೀಗಡಿ) ಜೀವನದಲ್ಲಿ ಮೊದಲ ಸಲ ತಿನ್ನುವುದಾದರೆ ನಡಿಗೆಯ ಮೊದಲು ಬೇಡ. ಚಿಪ್ಪು ಜೀವಿಗಳು ಕೆಲವರಿಗೆ ಒಗ್ಗುವುದಿಲ್ಲ, ತುಟಿ ಊದಿ ಉಸಿರು ಕಟ್ಟಿದರೆ ಗುಡ್ಡದ ನಡುವೆ ಏನೂ ಮಾಡಲಾಗದು. ರಾತ್ರಿ ಪೇಟೆಯಲ್ಲಿ ತಿನ್ನಿ.

ಹಂತ 7: ಬೇಲೆಕಾನದಿಂದ ಓಂ ಬೀಚ್, ಬಂಡೆಯಂಚಿನ ನಡಿಗೆ

ತದಡಿಯಿಂದ ಬೇಲೆಕಾನಕ್ಕೆ ಆಟೊ ಹಿಡಿಯಿರಿ. ಅಲ್ಲಿಂದ ಪ್ಯಾರಡೈಸ್, ಹಾಫ್ ಮೂನ್, ಓಂ ಈ ಕ್ರಮದಲ್ಲಿ ಉತ್ತರಕ್ಕೆ ನಡಿಗೆ. ಪ್ರತಿ ತುಣುಕೂ ಅರ್ಧ ತಾಸಿನ ಆಸುಪಾಸು, ಮಕ್ಕಳು ಮತ್ತು ಫೋಟೊ ಸೇರಿ ಒಟ್ಟು ಎರಡೂವರೆ ತಾಸು ಹಿಡಿಯಿರಿ.

ಹೊರಡುವ ಹೊತ್ತನ್ನು ಚೀಟಿ ನೋಡಿ ತೀರ್ಮಾನಿಸಿ. ಪಟ್ಟಿಯ ಇಳಿತಕ್ಕಿಂತ ಒಂದೂವರೆ ತಾಸು ಮುಂಚೆ ಕಾಲು ಇಡಬೇಕು, ಇಳಿತ ಮುಗಿದು ಒಂದು ತಾಸಿನೊಳಗೆ ಓಂ ಬೀಚಿನಲ್ಲಿರಬೇಕು. ಇಳಿತ ಮೂರೂವರೆಗೆ ಎಂದರೆ ಎರಡಕ್ಕೆ ಹೊರಟು ನಾಲ್ಕೂವರೆಗೆ ತಲುಪುವುದು. ಹೀಗಾದರೆ ಹೆಚ್ಚು ಹೊತ್ತು ಇಳಿಯುವ ನೀರಿನ ಜೊತೆ ನಡೆಯುತ್ತೀರಿ, ಏರುವ ನೀರು ಶುರುವಾಗುವಷ್ಟರಲ್ಲಿ ಕಷ್ಟದ ಬಂಡೆ ಹಿಂದೆ ಉಳಿದಿರುತ್ತದೆ. ತದಡಿಯಲ್ಲೇ ಮೂರೂವರೆ ಆಯಿತು ಎಂದರೆ ನಡಿಗೆ ಬಿಡಿ. ಆಟೊದಲ್ಲಿ ಗೋಕರ್ಣಕ್ಕೆ ಹೋಗಿ, ಅಲ್ಲಿಂದ ಓಂ ಬೀಚಿಗೆ ಬನ್ನಿ. ನಾನು ಒಮ್ಮೆ ಹಾಗೆ ಬಿಟ್ಟಿದ್ದೇನೆ, ಮಕ್ಕಳು ಒಂದು ತಾಸು ಮುಖ ಊದಿಸಿಕೊಂಡರು, ಅಷ್ಟೇ.

ಎಲ್ಲೆಲ್ಲಿ ಎರಡು ದಾರಿ ಕಾಣುತ್ತದೋ, ನೀರಿನ ಅಂಚಿನದು ಒಂದು, ಗುಡ್ಡದ ಮೇಲಿನದು ಒಂದು, ಅನುಮಾನ ಬಂದರೆ ಗುಡ್ಡದ್ದೇ ಹಿಡಿಯಿರಿ. ಜಂಬಿಟ್ಟಿಗೆಯ ಗುಡ್ಡ ನೇರ ಕಡಲಿಗೆ ಬೀಳುತ್ತದೆ, ಅಂಚಿನ ಕಲ್ಲು ಕಾಲಿಟ್ಟರೆ ಉದುರುವಂಥದ್ದು. ನಮ್ಮ ಅಂಜನಾದ್ರಿ ಸುತ್ತಿನ ಕಣಶಿಲೆಯ ಬಂಡೆ ಹಿಡಿದ ಕೈ ಬಿಡುವುದಿಲ್ಲ, ಈ ಕಲ್ಲು ಬಿಡುತ್ತದೆ. ಅಂಚಿನಿಂದ ಎರಡು ಮಾರು ದೂರ ನಿಂತು ಫೋಟೊ ತೆಗೆಯಿರಿ.

ಬಂಡೆಯ ಬಣ್ಣ ನೋಡುವುದನ್ನು ಕಲಿತರೆ ಅರ್ಧ ಅಪಾಯ ಕಡಿಮೆ. ತಿಳಿಬಣ್ಣದ ಒಣ ಬಂಡೆಯ ಮೇಲೆ ನಡೆಯಬಹುದು. ಹಸಿರು ಅಥವಾ ಕಪ್ಪು ಮಿಂಚು ಕಂಡರೆ ಅದು ಪಾಚಿ, ಎಷ್ಟು ಒಳ್ಳೆಯ ಸ್ಯಾಂಡಲ್ ಇದ್ದರೂ ಜಾರುತ್ತದೆ. ಒಣಗಿದ ಬಂಡೆಯ ಮೇಲೆ ತಾಜಾ ಒದ್ದೆ ಗುರುತು ಇದ್ದರೆ ದೊಡ್ಡ ಅಲೆ ಅಲ್ಲಿಯವರೆಗೆ ಬಂದು ಹೋಗಿದೆ, ಮತ್ತೆ ಬರುತ್ತದೆ. ಬಂಡೆಗೆ ಬಿಳಿ ಗುಳ್ಳೆಗಳ ಹಾಗೆ ಅಂಟಿದ್ದು ಚಿಪ್ಪು, ಬ್ಲೇಡಿನಷ್ಟು ಚೂಪು. ಜಾರಿದಾಗ ಅದರ ಮೇಲೆ ಕೈ ಊರಿದರೆ ಅಂಗೈ ಹೋಯಿತು.

ಮುಂದಿನ ತಿರುವು ದಾಟಲು ನೀರು ಮೊಣಕಾಲಿಗೆ ಬಂತೆಂದರೆ ಅಲ್ಲಿಂದಲೇ ಹಿಂತಿರುಗಿ. "ಇಷ್ಟೇ ಅಲ್ಲವೇ, ಓಡಿ ದಾಟೋಣ" ಎಂದವರೇ ಸಿಕ್ಕಿಬೀಳುವುದು. ಎರಡೂ ಕಡೆ ನೀರು ಏರಿ ನಡುವಿನ ಬೀಚಿನಲ್ಲಿ ಸಿಕ್ಕಿಕೊಂಡರೆ ಗಾಬರಿ ಬೇಡ. ಗುಡ್ಡದ ಬುಡಕ್ಕೆ ಎತ್ತರದಲ್ಲಿ ಕೂತು ಸೀಟಿ ಊದಿ, 112ಕ್ಕೆ ಕರೆ ಮಾಡಿ. ಪ್ರವಾಸಿ ದೋಣಿ ಓಡಾಡುತ್ತಿದ್ದರೆ ಕೈ ಬೀಸಿ ಕರೆಯಿರಿ. ಕತ್ತಲಲ್ಲಿ ಗುರುತಿಲ್ಲದ ಗುಡ್ಡ ಹತ್ತುವುದು, ನಾವು ಮಾಡಿದ ಹಾಗೆ, ಮಾಡಬೇಡಿ. ನಮ್ಮದು ಅದೃಷ್ಟ.

ಹಂತ 8: ನೀರಿಗೆ ಇಳಿಯುವುದು

ದಿನವಿಡೀ ಕಾದ ಮಕ್ಕಳಿಗೆ ಈಗ ಕಡಲು ಬೇಕು. ಓಂ ಬೀಚಿನಲ್ಲೇ ಇಳಿಯಲಿ, ಜೀವರಕ್ಷಕರು ಇರುವ ಕಡೆ. ಪ್ಯಾರಡೈಸ್, ಹಾಫ್ ಮೂನ್‌ಗಳಲ್ಲಿ ಬೇಡ. ಬಂಡೆ ಮತ್ತು ಮರಳು ಸೇರುವ ಮೂಲೆಯಂತೂ ಯಾವ ಬೀಚಿನಲ್ಲೂ ಬೇಡ.

ಕಾಲುವೆ, ಕೆರೆ, ಬಾವಿಯಲ್ಲಿ ಈಜು ಕಲಿತವರು ನಮ್ಮಲ್ಲಿ ಬಹಳ, ಮುಳುಗುವವರಲ್ಲಿ ಅವರೂ ಇರುತ್ತಾರೆ. ಕಾರಣ ಸೆಳೆತ. ದಂಡೆಗೆ ಬಂದ ಅಲೆಯ ನೀರೆಲ್ಲ ಒಂದು ಕಿರಿದಾದ ಹಾದಿ ಹಿಡಿದು ಕಡಲಿಗೆ ಮರಳುತ್ತದೆ. ಅದನ್ನು ಗುರುತಿಸುವುದು ಹೀಗೆ: ಎರಡೂ ಬದಿ ಅಲೆ ಒಡೆದು ನೊರೆ ಎದ್ದಿರುತ್ತದೆ, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಸ್ವಲ್ಪ ಕಪ್ಪಾಗಿ ಇರುತ್ತದೆ, ನೊರೆ, ಕಸ ಅಲ್ಲಿ ದಂಡೆಯಿಂದ ಕಡಲಿನತ್ತ ತೇಲುತ್ತದೆ. ಶಾಂತ ಇದೆ ಎಂದು ಮಕ್ಕಳನ್ನು ಅಲ್ಲೇ ಇಳಿಸುತ್ತೇವೆ, ಅದೇ ಅಪಾಯದ ಜಾಗ.

ಸಿಕ್ಕಿಬಿದ್ದರೆ ದಂಡೆಯತ್ತ ನೇರ ಈಜಬೇಡಿ, ಸುಸ್ತಾಗಿ ಮುಳುಗುತ್ತೀರಿ. ಮೊದಲು ತೇಲಿ, ಉಸಿರು ಹಿಡಿತಕ್ಕೆ ತನ್ನಿ, ಆಮೇಲೆ ದಂಡೆಗೆ ಸಮಾನಾಂತರವಾಗಿ ಅಡ್ಡ ಈಜಿ ಆ ಪಟ್ಟಿಯಿಂದ ಹೊರಬನ್ನಿ, ನಂತರ ಅಲೆಯ ಜೊತೆ ದಂಡೆಗೆ. ಕೈ ಮೇಲೆತ್ತಿ ಕರೆಯಿರಿ. ದಂಡೆಯಲ್ಲಿರುವವರು ಉಳಿಸಲು ಹಾರಬೇಡಿ, ತೇಲುವ ವಸ್ತು ಎಸೆಯಿರಿ, ಜೀವರಕ್ಷಕರನ್ನು ಕೂಗಿ. ಸೀರೆ, ಚೂಡಿದಾರ ಉಟ್ಟವರು ಮೊಣಕಾಲಿನ ಮೇಲೆ ನೀರಿಗೆ ಹೋಗಬಾರದು, ಒದ್ದೆ ಬಟ್ಟೆಯ ಭಾರವೇ ಕೆಡವುತ್ತದೆ. ಡಿಸೆಂಬರ್ 2024ರಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುಳುಗಿ ತೀರಿಕೊಂಡರು. ಅವರೂ ನಮ್ಮ ಹಾಗೆ ಬಯಲುಸೀಮೆಯ ಮಕ್ಕಳು.

ಜೆಲ್ಲಿ ಮೀನು ಕುಟುಕಿದರೆ ಕಡಲ ನೀರಿನಲ್ಲೇ ತೊಳೆಯಿರಿ, ಕುಡಿಯುವ ನೀರು ಹಾಕಬೇಡಿ, ಮರಳಿನಿಂದ ಉಜ್ಜಬೇಡಿ. ಉಸಿರಾಟಕ್ಕೆ ತೊಂದರೆ ಬಂದರೆ ತಡ ಮಾಡದೆ ಆಸ್ಪತ್ರೆ.

ಹಂತ 9: ಗೋಕರ್ಣ ಮತ್ತು ವಾಪಸು

ಡಿಸೆಂಬರ್, ಜನವರಿಯಲ್ಲಿ ಆರು, ಆರೂವರೆಯ ನಡುವೆ ಸೂರ್ಯ ಮುಳುಗುತ್ತಾನೆ. ಅದಾದ ಮೇಲೆ ದೇವಸ್ಥಾನಕ್ಕೆ ಹೋಗುವವರು ಗಾಡಿಯಲ್ಲಿ ಒಂದು ಪಂಚೆ ಇಟ್ಟಿರಬೇಕು, ಪ್ಯಾಂಟು ಹಾಕಿಕೊಂಡು ಹೋದರೆ ಬಾಗಿಲಲ್ಲಿ ತಕರಾರು ಆಗುತ್ತದೆ. ಉಪ್ಪುನೀರಿನ ಮೈಯನ್ನು ಮೊದಲು ತೊಳೆದುಕೊಳ್ಳಿ. ಹಾಗೆಯೇ ಬಿಟ್ಟರೆ ದಾರಿಯಿಡೀ ತುರಿಕೆ.

ರಾತ್ರಿಯೇ ಹೊರಡಲೇಬೇಕಾದರೆ ಮಧ್ಯಾಹ್ನ ಮಲಗಿದ ಚಾಲಕನೇ ಓಡಿಸಲಿ, ಅರಬೈಲ್ ಹತ್ತುವಾಗ ಪಕ್ಕದಲ್ಲಿ ಒಬ್ಬರು ಎಚ್ಚರ ಇರಲಿ, ಯಲ್ಲಾಪುರದಲ್ಲಿ ಕಾಲು ತಾಸು ನಿಲ್ಲಿಸಿ. ಆಕಳಿಕೆ ಮೇಲೆ ಆಕಳಿಕೆ ಬಂದರೆ ಚಹಾ ನಂಬಬೇಡಿ, ಇಪ್ಪತ್ತು ನಿಮಿಷ ಗಾಡಿಯಲ್ಲೇ ಮಲಗಿಸಿ. ನಾನಂತೂ ಕುಮಟಾದಲ್ಲಿ ಇನ್ನೊಂದು ರಾತ್ರಿ ಉಳಿದು ಬೆಳಿಗ್ಗೆ ಆರಕ್ಕೆ ಹೊರಡುತ್ತೇನೆ, ಮಧ್ಯಾಹ್ನದ ಊಟಕ್ಕೆ ಕೊಪ್ಪಳ.

ಒಣ ಮೀನು ಕೊಂಡಿದ್ದರೆ ಎರಡು ಪ್ಲಾಸ್ಟಿಕ್ ಚೀಲದೊಳಗೆ ಸುತ್ತಿ ಮೇಲಿನ ಕ್ಯಾರಿಯರ್‌ಗೆ ಕಟ್ಟಿ, ಬಸ್ಸಿನವರು ಕೊಳ್ಳದಿರುವುದೇ ಲೇಸು. ಮನೆ ಮುಟ್ಟಿದ ಮರುದಿನ ಗಾಡಿಯ ತಳಕ್ಕೆ, ಚಕ್ರದ ಒಳಗೆ ಸಿಹಿನೀರು ಜೋರಾಗಿ ಹೊಡೆಸಿ. ಉಪ್ಪಿನ ಗಾಳಿ ಕಬ್ಬಿಣವನ್ನು ತಿನ್ನಲು ವಾರ ಕಾಯುವುದಿಲ್ಲ.